ಕೆಂಪು ಗೆರೆಯ ಮೇಲಿನ ನೀರು

ಜಲ್ಲಿ ಗಣಿಯಲ್ಲಿ ಅವಳನ್ನು ಎಲ್ಲರೂ ನೀರಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವಳೇ ಫೋನೆತ್ತಿ ತಾನು ನೀರಮ್ಮ ಎಂದು ಹೇಳಿಕೊಳ್ಳುವ ಮಟ್ಟಕ್ಕೆ ಬಂತು. ಉಳಿದವರಿಗೆಲ್ಲ ಅಲ್ಲಿ ಕಲ್ಲಿನ ಕೆಲಸ; ಅಗೆಯುವುದು, ತೊಳೆಯುವುದು, ಜರಡಿಗೆ ಹಾಕುವುದು, ಲಾರಿಗೆ ತುಂಬುವುದು. ಅವಳೊಬ್ಬಳಿಗೆ ನೀರಿನ ಕೆಲಸ. ಹೊಳೆಯ ಪಕ್ಕದಲ್ಲಿ ಗುಂಡಿ ತೋಡಿದರೆ ಜಲ್ಲಿಗಿಂತ ಮೊದಲು ನೀರು ಬರುತ್ತದೆ. ಅದನ್ನು ಪಂಪು ಹಚ್ಚಿ ಮೇಲೆತ್ತದೆ ಕಲ್ಲು ಮುಟ್ಟುವ ಹಾಗಿಲ್ಲ. ಎತ್ತಿದ ನೀರಿನಲ್ಲಿ ಕಲ್ಲು ತೊಳೆದು, ಕೆಸರು ತಳಕ್ಕಿಳಿಯಲೆಂದು ದೊಡ್ಡ ತೊಟ್ಟಿಯಲ್ಲಿ ನಿಲ್ಲಿಸಿ, ತಿಳಿಯಾದದ್ದನ್ನು ಮತ್ತೆ ಹೊಳೆಗೆ ಬಿಡಬೇಕು. ತೆಗೆದುಕೊಂಡಿದ್ದನ್ನು ವಾಪಸು ಕೊಡಬೇಕು, ಅಷ್ಟೇ. ಹೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ.

ಹಾಗೆ ಹೇಳಿದವಳೂ ಅವಳೇ. ಗಣಿ ಶುರುವಾಗುವ ಮುಂಚೆ ಹೊಳೆಯ ಕೆಳಗಿನ ಬೀದಿಯವರೆಲ್ಲ ಸೇರಿ ಗಲಾಟೆ ಎಬ್ಬಿಸಿದ್ದರು. ನರ್ಸರಿಯವನು, ಮಂಜುಗಡ್ಡೆ ಕಾರ್ಖಾನೆಯವರು, ನೂಲಿಗೆ ಬಣ್ಣ ಹಾಕುವವರು, ಎಲ್ಲರದೂ ಬಾವಿ ನಂಬಿದ ಬದುಕು. ಗುಂಡಿ ತೋಡಿ ನಮ್ಮ ಬಾವಿ ಬತ್ತಿಸಿದರೆ ಯಾರು ಹೊಣೆ ಎಂದು ಹೊಳೆ ಸಮಿತಿಯ ಸಭೆಯಲ್ಲಿ ಕುರ್ಚಿ ಎತ್ತಿ ಹಾಕಿದರು. ಆಗ ಎದ್ದು ನಿಂತವಳು ನೀರಮ್ಮನ ಅಕ್ಕ. ಅಕ್ಕನ ಲಾಂಡ್ರಿ ಅದೇ ಬೀದಿಯ ಕೊನೆಯಲ್ಲಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಟವೆಲುಗಳನ್ನು ಒಗೆದುಕೊಡುವ ಲಾಂಡ್ರಿ. ಅಮ್ಮ ತೀರಿಕೊಂಡ ಮೇಲೆ ತಂಗಿಯ ಊಟ, ಫೀಸು, ಹಾಸ್ಟೆಲು ಎಲ್ಲವೂ ಆ ಲಾಂಡ್ರಿಯ ಹಬೆಯಿಂದಲೇ ಹುಟ್ಟಿ ಬಂದದ್ದು. ಅಕ್ಕ ಸಭೆಯಲ್ಲಿ ಹೆಚ್ಚೇನೂ ಮಾತಾಡಲಿಲ್ಲ.

"ಅಲ್ಲಿ ನೀರು ನೋಡ್ಕೊಳ್ಳೋದು ನನ್ನ ತಂಗಿ. ಅವಳು ಸರಿ ಅಂದ್ರೆ ಸರಿ. ನಾನು ರುಜು ಹಾಕ್ತೀನಿ," ಎಂದಳು.

ಅವಳು ರುಜು ಹಾಕಿದಳು, ಅವಳ ಮುಖ ನೋಡಿ ಇಡೀ ಬೀದಿ ಹಾಕಿತು. ಒಪ್ಪಂದವನ್ನು ಬರೆದದ್ದು ನೀರಮ್ಮ. ಸೇತುವೆಯ ಕಂಬಕ್ಕೆ ಒಂದು ಅಳತೆ ಪಟ್ಟಿ ಬಡಿಯಬೇಕು, ಪಟ್ಟಿಯ ಮೇಲೆ ಕೆಂಪು ಗೆರೆ ಎಳೆಯಬೇಕು, ಹೊಳೆಯ ನೀರು ಆ ಗೆರೆಗಿಂತ ಕೆಳಗಿಳಿದರೆ ಗಣಿಯ ಎಲ್ಲ ಪಂಪುಗಳನ್ನೂ ತಕ್ಷಣ ನಿಲ್ಲಿಸತಕ್ಕದ್ದು. ಈ ಕೊನೆಯ ವಾಕ್ಯ ಬರೆದ ದಿನ ಅವಳಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವಷ್ಟು ಖುಷಿಯಾಗಿತ್ತು. ವಾಪಸು ಬಿಡುವ ನೀರಿನ ಪೈಪನ್ನು ಸೇತುವೆಯ ಮೇಲ್ಗಡೆಗೇ ತಂದಿದ್ದೂ ಅವಳ ಯೋಚನೆಯೇ. ಮೇಲಿನಿಂದ ಬಿಟ್ಟರೆ ಸೇತುವೆ ದಾಟಿ, ಗಣಿ ದಾಟಿ, ಅಕ್ಕನ ಬೀದಿಯವರೆಗೆ ಇಡೀ ಹೊಳೆಗೆ ನೀರು ಸಿಗುತ್ತದೆ ಎಂಬ ಒಳ್ಳೆಯ ಬುದ್ಧಿ. ಒಳ್ಳೆಯ ಬುದ್ಧಿಯಿಂದ ಎಷ್ಟು ಮನೆ ಹಾಳಾಗಿವೆಯೋ ಲೆಕ್ಕ ಇಟ್ಟವರಿಲ್ಲ.

ಆಮೇಲೆ ಎಲ್ಲವೂ ಸುಸೂತ್ರ. ಪಟ್ಟಿಯ ಮೇಲೆ ನೀರು ಯಾವಾಗಲೂ ಕೆಂಪು ಗೆರೆಗಿಂತ ಮೇಲೆಯೇ ಇತ್ತು. ಬೇರೆ ಊರಿನ ಗಣಿಗಳವರು ಬಂದು ನೋಡಿಕೊಂಡು ಹೋದರು, ಫೋಟೋ ತೆಗೆಸಿಕೊಂಡರು. ಮ್ಯಾನೇಜರು ಅವಳನ್ನು ಮುಂದೆ ನಿಲ್ಲಿಸಿ ತಾವು ಪಕ್ಕದಲ್ಲಿ ನಿಂತರು. ಆ ಮ್ಯಾನೇಜರಿಗೆ ಗಣಿಯಲ್ಲಿ 'ನೋಡೋಣ ಸಾಹೇಬರು' ಎಂದು ಹೆಸರು. ರಜೆ ಕೇಳಿದರೂ ನೋಡೋಣ, ಹೊಸ ಬೂಟು ಕೇಳಿದರೂ ನೋಡೋಣ. ಅವರು ಏನನ್ನಾದರೂ ನೋಡಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಹೀಗೇ ಕೆಲವು ವರ್ಷ ಕಳೆದು, ಒಂದು ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ತೊಟ್ಟಿಯಿಂದ ಸೇತುವೆಗೆ ನೀರು ತಳ್ಳುವ ಪಂಪಿನ ಮೋಟಾರು ಸುಟ್ಟುಹೋಯಿತು. ರಿಪೇರಿಗೆಂದು ಬಿಚ್ಚಿ ಕಳಿಸಿದರು. ತೊಟ್ಟಿಯ ನೀರು ಸುಮ್ಮನೆ ನಿಂತಿತು, ಸೇತುವೆಯ ಪೈಪು ಒಣಗಿತು, ಹೊಳೆ ಸ್ವಲ್ಪ ಇಳಿಯಿತು, ಗೆರೆಯವರೆಗೇನೂ ಬರಲಿಲ್ಲ. ನೀರಮ್ಮ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆದರೆ ಗುಂಡಿಯ ಪಂಪು ನೋಡಿಕೊಳ್ಳುವವನು ಸಂಜೆ ಆಫೀಸಿಗೆ ಬಂದು, ಗುಂಡಿಯಲ್ಲಿ ಎತ್ತುವಷ್ಟು ನೀರೇ ಇಲ್ಲ, ಪಂಪು ಬರೀ ಗಾಳಿ ಎಳೆಯುತ್ತಿದೆ, ಹೊಳೆ ಕಡೆಯ ಗೋಡೆ ಸುರಿಯುವುದನ್ನು ಬಿಟ್ಟು ಸುಮ್ಮನೆ ಬೆವರುತ್ತಿದೆ, ತನಗೂ ಒಂದು ನಿದ್ದೆ ಸಿಕ್ಕಿತು ಎಂದು ನಗುತ್ತಾ ಹೇಳಿ ಹೋದ. ಮೋಟಾರು ರಿಪೇರಿಯಾಗಿ ಬಂದು ಕೂತ ಮೇಲೆ ಸೇತುವೆಯ ಪೈಪಿನಲ್ಲಿ ನೀರು ಮತ್ತೆ ಭೋರೆಂದಿತು. ಮಾರನೆಯ ದಿನ ಅದೇ ಮನುಷ್ಯ ಮುಖ ಗಂಟು ಹಾಕಿಕೊಂಡು ಬಂದ. ಗುಂಡಿಯ ಗೋಡೆ ಮತ್ತೆ ಸುರಿಯಲು ಶುರು ಮಾಡಿತ್ತು, ಅವನ ನಿದ್ದೆ ಹಾಳಾಗಿತ್ತು.

ನೀರಮ್ಮ ಅವನ ಎರಡು ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಇದಕ್ಕೇನು ಅರ್ಥ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ಮನುಷ್ಯರ ಮನಸ್ಸು ಎಂಥದ್ದೆಂದರೆ, ಗೊತ್ತಾದದ್ದನ್ನು ಗೊತ್ತಾಗಲಿಲ್ಲ ಎಂದು ತಳ್ಳಲು ಅದಕ್ಕೆ ಒಂದು ಭಾನುವಾರ ಸಿಕ್ಕಿದರೂ ಸಾಕು. ಆ ಭಾನುವಾರ ಅವಳು ಅಕ್ಕನ ಲಾಂಡ್ರಿಗೆ ಹೋದಳು.

ಒಳಗೆ ಎಂದಿನ ಹಬೆ, ಎಂದಿನ ಸೋಪಿನ ವಾಸನೆ. ದೊಡ್ಡ ಡ್ರಮ್ಮುಗಳಲ್ಲಿ ಒಂದು ಮಾತ್ರ ತಿರುಗುತ್ತಿತ್ತು. ಇಸ್ತ್ರಿಯ ಉರುಳೆಯ ಕೆಳಗಿಂದ ಬರುತ್ತಿದ್ದ ಆಸ್ಪತ್ರೆಯ ಹಾಸುಬಟ್ಟೆಗಳು ಬೆಳ್ಳಗಿರಲಿಲ್ಲ, ತೆಳು ನೀಲಿಯಾಗಿದ್ದವು. ಗೋಡೆಯ ಪಕ್ಕದಲ್ಲಿ ನೀಲಿಯ ಕ್ಯಾನುಗಳು ಸಾಲಾಗಿ ನಿಂತಿದ್ದವು. ಇಷ್ಟೊಂದು ನೀಲಿ ಯಾಕೆ ಎಂದು ತಂಗಿ ಕೇಳಿದಳು. ಆಸ್ಪತ್ರೆಯವರಿಗೆ ಈಗ ನೀಲಿ ಜಾಸ್ತಿ ಬೇಕಂತೆ, ಹೊಸ ಮೇಟ್ರನ್ ಬಂದಿದ್ದಾಳೆ, ಅವಳ ಶೋಕಿ, ಎಂದು ಅಕ್ಕ ಬೆನ್ನು ತಿರುಗಿಸಿಯೇ ಹೇಳಿದಳು. ವ್ಯಾನಿಗೆ ಗಂಟು ಹೊರುತ್ತಿದ್ದ ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರನ್ನೊಮ್ಮೆ ದಿಟ್ಟಿಸಿದಳು. ಭಾವ ತೆರೆದ ಬಾಯಿಯಲ್ಲಿ ಆಕಳಿಸಿ ಗಂಟು ಎತ್ತಿಕೊಂಡು ಹೋದರು. ಬಾವಿ ಹೇಗಿದೆ ಎಂದು ಕೇಳಿದಾಗ, ನೀನಿರುವಾಗ ಅದಕ್ಕೇನು ದಾಡಿ ಎಂದಳು ಅಕ್ಕ.

ಹೊರಡುವಾಗ ನೀರಮ್ಮ ಒಂದು ಕ್ಯಾನು ನೀಲಿ ಕೇಳಿದಳು. ಯಾಕೆ ಎಂದು ಅಕ್ಕ ಕೇಳಲಿಲ್ಲ. ಚಿಕ್ಕಂದಿನಿಂದ ತಂಗಿ ಕೇಳಿದ ಯಾವುದಕ್ಕೂ ಅವಳು ಯಾಕೆ ಎಂದವಳಲ್ಲ. ತಾನೇ ಹೊತ್ತು ತಂದು ಸ್ಕೂಟರಿನ ಮುಂದೆ ಇಟ್ಟು, ಚೆಲ್ಲಿಕೊಳ್ಳಬೇಡ, ಬಟ್ಟೆಗೆ ಬಿದ್ದರೆ ಜನ್ಮದಲ್ಲಿ ಹೋಗುವುದಿಲ್ಲ ಎಂದಳು.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ನೀರಮ್ಮ ಸೇತುವೆಯ ಹತ್ತಿರ ಇಳಿದು, ಪೈಪಿನ ಬಾಯಿಯಲ್ಲಿ ಇಡೀ ಕ್ಯಾನು ಸುರಿದಳು. ನೀಲಿ ನೀರು ಪಟ್ಟಿಯನ್ನು ಮುಟ್ಟಿ, ಕೆಂಪು ಗೆರೆಯ ಮೇಲೆಯೇ ಠೀವಿಯಿಂದ ಹಾದು, ಗಣಿಯ ಅಂಚಿಗೆ ಬಂದು, ಉರುಟುಕಲ್ಲುಗಳ ಸಂದಿಯಲ್ಲಿ ಇಳಿದುಹೋಯಿತು. ಅಲ್ಲಿಂದ ಕೆಳಗೆ ಹೊಳೆ ಎನ್ನುವುದು ಅಲ್ಲೊಂದು ಇಲ್ಲೊಂದು ಹೊಂಡ. ಇಷ್ಟು ದಿನ ಅದನ್ನು ಅವಳು ನೋಡಿರಲಿಲ್ಲವೇ? ನೋಡಿದ್ದಳು. ಬೇಸಿಗೆ ಅಲ್ಲವೇ ಎಂದುಕೊಂಡಿದ್ದಳು. ಹೊಳೆ ನೋಡಬೇಕಾದವಳು ಪಟ್ಟಿ ನೋಡಿಕೊಂಡಿದ್ದಳು.

ಮಾರನೆಯ ಮಧ್ಯಾಹ್ನ ಗುಂಡಿಯ ಗೋಡೆ ನೀಲಿ ಬೆವರಿತು. ಪಂಪಿನವನು ಇಂಕು ಚೆಲ್ಲಿದವರು ಯಾರು ಎಂದು ಎಲ್ಲರ ಮೇಲೂ ರೇಗುತ್ತಿದ್ದ. ನೀರಮ್ಮ ಗುಂಡಿಯ ತಳದಲ್ಲಿ ಕೆಸರು ಬೂಟು ಹಾಕಿಕೊಂಡು ನಿಂತು ನೋಡಿದಳು. ಗುಂಡಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಸೇತುವೆಗೆ, ಸೇತುವೆಯಿಂದ ಹೊಳೆಗೆ, ಹೊಳೆಯಿಂದ ಕಲ್ಲಿನ ಸಂದಿಯಲ್ಲಿ ಮತ್ತೆ ಗುಂಡಿಗೆ. ಅದೇ ನೀರು, ವರ್ಷಗಟ್ಟಲೆ, ಗಾಣದ ಎತ್ತಿನ ಹಾಗೆ. ಕೆಳಗಿನ ಬೀದಿಗೆ ಅವಳು ಕೊಟ್ಟದ್ದು ಒಂದು ಹನಿಯೂ ಅಲ್ಲ. 

ನೋಡೋಣ ಸಾಹೇಬರನ್ನು ಕರೆತಂದು ತೋರಿಸಿದಳು. ಪೈಪನ್ನು ಗಣಿಯಿಂದ ಕೆಳಗೆ, ಬೀದಿಯ ಹತ್ತಿರ ಒಯ್ದು ಬಿಟ್ಟರೆ ನೀರು ಅಲ್ಲಿನವರಿಗೆ ಸಿಗುತ್ತದೆ, ಬೇಗ ಮಾಡಿ ಎಂದಳು. ಅವರ ಮುಖದಲ್ಲಿ ಆಶ್ಚರ್ಯ ಎನ್ನುವುದು ಎಳ್ಳಷ್ಟೂ ಕಾಣಲಿಲ್ಲ. ಇವರಿಗೆ ಮೊದಲೇ ಗೊತ್ತಿತ್ತು ಎಂದು ಅವಳಿಗೆ ಆಗ ಹೊಳೆಯಿತು. ನೋಡೋಣ ಎಂದಾದರೂ ಹೇಳುತ್ತಾರೆಂದು ಕಾದಳು. ಅದನ್ನೂ ಹೇಳಲಿಲ್ಲ.

"ಪೈಪು ಕೆಳಗೆ ಹೋದ್ರೆ ನೀರು ಬೀದಿಗೆ ಸಿಗುತ್ತೆ, ಪಟ್ಟಿಗೆ ಸಿಗಲ್ಲ. ಅಲ್ಲಿ ನೀರು ಗೆರೆಗಿಂತ ಕೆಳಗಿಳಿದ್ರೆ ನಾವು ಬಾಗಿಲು ಹಾಕ್ಬೇಕು," ಎಂದರು ಸಾಹೇಬರು, ಮೆತ್ತಗೆ. "ಹಾಗಂತ ಬರೆದವರು ನೀವೇ ಅಲ್ವೇನಮ್ಮಾ?"

ಅದೇ ಸಂಜೆ ಅವಳು ಅಕ್ಕನ ಹತ್ತಿರ ಹೋದಳು. ಭಾವ ಇರಲಿಲ್ಲ. ಅಕ್ಕ ಒಬ್ಬಳೇ ಹಾಸುಬಟ್ಟೆ ಮಡಿಸುತ್ತಿದ್ದಳು. ತಂಗಿ ಹೋಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದು ಕೊಡವಿ, ಹತ್ತಿರ ಬಂದು ಮಡಿಸಿ, ದೂರ ಸರಿದು, ಮತ್ತೆ ಹತ್ತಿರ ಬಂದು, ಹಾಗೇ ಮಡಿಸುತ್ತ ಮಡಿಸುತ್ತ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅಕ್ಕನ ಕೈ ಒಂದು ಸಲವೂ ತಪ್ಪಲಿಲ್ಲ.

"ನೀರಿಲ್ಲ ಅಂತ ನನಗೆ ಗೊತ್ತು ಕಣೇ. ಹೋದ ಬೇಸಿಗೆಯಿಂದ್ಲೂ ಇಲ್ಲ. ಮೂರು ಸಲ ಜಾಲಿಸೋ ಬಟ್ಟೆ ಒಂದು ಸಲ ಜಾಲಿಸಿ, ಕೊಳೆ ಕಾಣದ ಹಾಗೆ ನೀಲಿ ಸುರೀತೀನಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ಬೀದಿಯವರು ರುಜು ಹಾಕಿದ್ದು ನನ್ನ ಮುಖ ನೋಡಿ. ನನ್ನ ಬಾವೀನೇ ಬತ್ತಿತು ಅಂತ ನಾನು ಅಂದ್ರೆ, ಅವರು ನಿನ್ನ ಸುಮ್ನೆ ಬಿಡ್ತಾರಾ?" ಅಕ್ಕ ಮಡಿಸಿದ ಬಟ್ಟೆಯನ್ನು ಎದೆಗವಚಿಕೊಂಡಳು. "ಹೊರಗೆ ಬಾಯಿ ಬಿಡ್ಬೇಡ. ಮಳೆ ಬರೋವರೆಗೂ ಹೇಗೋ ತಳ್ಳೋಣ. ಮಾತು ಕೊಡು."

ತಂಗಿ ಹೂಂ ಎಂದಳು. ಅಕ್ಕನೆದುರು ಉಹೂಂ ಎಂದು ಗೊತ್ತಿದ್ದವಳಲ್ಲ.  ಮನೆಗೆ ಹೋಗುವ ದಾರಿಯುದ್ದಕ್ಕೂ, ನನ್ನ ಕೆಲಸ ಉಳಿಸಲು ಇವಳು ತನ್ನ ಲಾಂಡ್ರಿ ಕೊಲ್ಲುತ್ತಿದ್ದಾಳೆ, ಯಾರು ಕೇಳಿದ್ದರು ಇವಳನ್ನು, ಎಂದು ಅಕ್ಕನ ಮೇಲೆಯೇ ಸಿಟ್ಟು ಬಂತು. ನಮ್ಮ ಮೇಲೆ ಋಣ ಹೊರಿಸಿದವರ ಮೇಲೆ ಬರುವ ಸಿಟ್ಟು ಶತ್ರುವಿನ ಮೇಲೂ ಬರುವುದಿಲ್ಲ.

ಬೇಸಿಗೆಯ ನಟ್ಟನಡುವೆ ಹೊಳೆ ಸಮಿತಿ ತಪಾಸಣೆಗೆ ಬಂತು. ಸೇತುವೆಯ ಮೇಲೆ ಅಧ್ಯಕ್ಷರು, ಅವರ ಹಿಂದೆ ಸಾಹೇಬರು, ಅವರ ಹಿಂದೆ ಬೀದಿಯವರೆಲ್ಲ. ಕೆಳಗೆ ಪಟ್ಟಿಯ ಬುಡದಲ್ಲಿ ನೀರು ಬಿಸಿಲಿಗೆ ಹೊಳೆಯುತ್ತ, ಕೆಂಪು ಗೆರೆಯ ಮೇಲೆ, ಇದ್ದ ಜಾಗದಲ್ಲೇ ಇತ್ತು. ಅಧ್ಯಕ್ಷರು ಬಗ್ಗಿ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ನರ್ಸರಿಯವನು ಸುಮ್ಮನಿರಲಿಲ್ಲ. ನನ್ನ ಗಿಡಗಳೆಲ್ಲ ಸೌದೆಯಾಗಿವೆ, ಬಾವಿಯ ತಳದಲ್ಲಿ ಕಪ್ಪೆ ಸತ್ತಿದೆ, ಈ ಪಟ್ಟಿ ಇಟ್ಟುಕೊಂಡು ನೆಕ್ಕಲಾ ಎಂದು ಕೂಗಾಡಿದ. ಮಂಜುಗಡ್ಡೆಯವರೂ ದನಿಗೂಡಿಸಿದರು. ಆಮೇಲೆ ಒಬ್ಬರಾದ ಮೇಲೊಬ್ಬರು ಅಕ್ಕನ ಕಡೆ ತಿರುಗಿದರು. ನೀವು ಹೇಳಿದಿರೆಂದು ನಾವು ಒಪ್ಪಿದ್ದು, ಈಗ ನೀವೇ ಹೇಳಿ, ನಿಮ್ಮ ಬಾವಿಯಲ್ಲಿ ನೀರಿದೆಯೋ ಇಲ್ಲವೋ, ಎಂದು ಕೇಳಿದರು.

ಅಕ್ಕ ತಂಗಿಯನ್ನು ನೋಡಲಿಲ್ಲ. ಹೊಳೆಯನ್ನೂ ನೋಡಲಿಲ್ಲ.

"ನನ್ನ ಬಾವೀಲಿ ನೀರಿದೆ," ಎಂದಳು.

ಬದುಕಿನಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು. ಹೇಳುವಾಗ ಕತ್ತಿನವರೆಗೆ ಕೆಂಪಾದಳು. ಅದನ್ನು ನೋಡಲು ನೀರಮ್ಮನಿಂದ ಆಗಲಿಲ್ಲ. ಕೊಟ್ಟ ಮಾತು, ಕೆಲಸ, ಸಾಹೇಬರು, ಎಲ್ಲ ಒಟ್ಟಿಗೆ ತಲೆಯಿಂದ ಹಾರಿಹೋದವು. ಒಂದು ಸಲ ಎಲ್ಲರಿಗೂ ಕಣ್ಣಾರೆ ಕಾಣಿಸಿದರೆ ಸಾಕು, ಸಮಿತಿಯವರು ಪೈಪನ್ನು ಕೆಳಗೆ ಹಾಕಿಸುತ್ತಾರೆ, ಅಕ್ಕನ ಬಾವಿಗೆ ನೀರು ಬರುತ್ತದೆ ಎಂಬ ಒಂದೇ ಯೋಚನೆ. ಫೋನು ತೆಗೆದು ಪಂಪಿನವನಿಗೆ ಸೇತುವೆಯ ಪಂಪು ಆಫ್ ಮಾಡು ಎಂದಳು. ಎಲ್ಲರೂ ಹತ್ತು ನಿಮಿಷ ಇಲ್ಲೇ ನಿಂತು ಪಟ್ಟಿ ನೋಡಿ ಎಂದಳು. ಸಾಹೇಬರು ಅವಳ ತೋಳು ಹಿಡಿಯಲು ಬಂದರು. ಅವಳು ಕೊಡವಿಕೊಂಡಳು.

ಪೈಪು ಕೆಮ್ಮಿ ಸುಮ್ಮನಾಯಿತು. ನೀರು ಮೊದಲು ಹಾಗೇ ಇತ್ತು. ಆಮೇಲೆ ಪಟ್ಟಿಯ ಮೇಲೆ ಒದ್ದೆಯ ಅಂಚು ಬಿಟ್ಟು ಇಳಿಯತೊಡಗಿತು. ಗೆರೆ ಮುಟ್ಟಿತು, ಗೆರೆ ದಾಟಿತು, ಕಂಬದ ಬುಡದ ಪಾಚಿ ಕಾಣಿಸಿತು.  ಅಲ್ಲಿದ್ದದ್ದು ಹೊಳೆಯಲ್ಲ, ನಲ್ಲಿ, ಎಂದು ಮಕ್ಕಳಿಗೂ ಅರ್ಥವಾಗುವ ಹಾಗಿತ್ತು. ನೀರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಳು. ನೀಲಿ ಸುರಿದದ್ದು, ಗೋಡೆ ಬೆವರಿದ್ದು, ನೀರು ಸುತ್ತಿದ್ದು. ಕೊನೆಗೆ, ಅಕ್ಕನ ಬಾವಿಯಲ್ಲೂ ನೀರಿಲ್ಲ, ಹೋದ ಬೇಸಿಗೆಯಿಂದಲೂ ಇಲ್ಲ ಎಂದಳು. ಅಷ್ಟು ಹೇಳಿದ ಮೇಲೆ ಅಕ್ಕನ ಕಡೆ ತಿರುಗಿದಳು. ಅಕ್ಕ ನಿಂತಿದ್ದ ಜಾಗದಲ್ಲಿ ಅಕ್ಕ ಇರಲಿಲ್ಲ. ಸೇತುವೆಯಾಚೆ ರಸ್ತೆಯಲ್ಲಿ ಬೇಗಬೇಗ ನಡೆದುಹೋಗುತ್ತಿದ್ದಳು.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಒಪ್ಪಂದ ಓದಿದರು. ಪ್ರಾಮಾಣಿಕ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಗೆರೆಗಿಂತ ನೀರು ಕೆಳಗಿಳಿದಿದೆ, ಆದ್ದರಿಂದ ಗಣಿಯ ಎಲ್ಲ ಪಂಪುಗಳನ್ನೂ ತಕ್ಷಣ ನಿಲ್ಲಿಸತಕ್ಕದ್ದು ಎಂದು ಆದೇಶ ಕೊಟ್ಟರು. ಬೀದಿಯವರು ಚಪ್ಪಾಳೆ ಹೊಡೆದರು. ನೀರಮ್ಮ ಗಾಬರಿಯಿಂದ ಅಡ್ಡ ಬಂದಳು. ಎಲ್ಲವನ್ನೂ ನಿಲ್ಲಿಸಬೇಡಿ, ಗುಂಡಿಯ ಪಂಪು ನಿಂತರೆ ಗುಂಡಿ ತುಂಬುವವರೆಗೆ ಹೊಳೆಯನ್ನು ಕುಡಿಯುತ್ತಲೇ ಇರುತ್ತದೆ, ಪಂಪು ಓಡಲಿ, ಪೈಪಿನ ಬಾಯಿ ಮಾತ್ರ ಕೆಳಗೆ ಹೋಗಲಿ ಎಂದು ಬೇಡಿಕೊಂಡಳು. ಅಧ್ಯಕ್ಷರು ಬೆರಳಿಟ್ಟು ವಾಕ್ಯ ತೋರಿಸಿದರು. ಎಲ್ಲ ಎಂದರೆ ಎಲ್ಲ. ಕಂಪನಿಯವರು ಕೋರ್ಟಿಗೆ ಹೋಗುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವರು ಯಂತ್ರಗಳನ್ನು ಬಿಚ್ಚಿಕೊಂಡು ತೆಪ್ಪಗೆ ಹೊರಟರು. ಒಳ್ಳೆಯ ಜಲ್ಲಿಯೆಲ್ಲ ಹೇಗೂ ಮುಗಿಯುತ್ತ ಬಂದಿತ್ತು. ಗುಂಡಿ ಮುಚ್ಚುವ ಹೊಣೆಯಿಂದ ಪುಕ್ಕಟೆ ಕೈ ತೊಳೆದುಕೊಂಡ ಹಾಗಾಯಿತು. ಹೋಗುವಾಗ ಸಾಹೇಬರು ನೀರಮ್ಮನಿಗೆ ಕೈ ಮುಗಿದು ನಕ್ಕರು.

ಗುಂಡಿ ಕುಡಿಯಿತು. ಸೇತುವೆಯ ಕೆಳಗೆ ಇದ್ದ ಅಷ್ಟಿಷ್ಟು ನೀರೂ ಹೋಯಿತು. ಮಳೆ ಬಂದಾಗ ಹೊಳೆ ನಾಲ್ಕು ದಿನ ಕೆಂಪಗೆ ಹರಿಯಿತು, ಮಳೆ ನಿಂತ ಮೇಲೆ ಗುಂಡಿ ಅದನ್ನೂ ಎಳೆದುಕೊಂಡಿತು. ಗುಂಡಿ ಅರ್ಧ ತುಂಬಿ ಕೆರೆಯ ಹಾಗೆ ಕಾಣತೊಡಗಿತು. ಸಂಜೆ ಹೊತ್ತು ಪೇಟೆಯ ಜನ ಅಲ್ಲಿಗೆ ಗಾಳಿ ಸೇವನೆಗೆ ಬರುತ್ತಿದ್ದರು, ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದರು. ಬಿಸಿಲು ದಿನವೂ ತನ್ನ ಪಾಲನ್ನು ಮೇಲಿಂದ ಕುಡಿಯುತ್ತಿತ್ತು.

ಬೀದಿಯವರ ಸಿಟ್ಟು ಯಾರ ಮೇಲೆ ತಿರುಗಬೇಕು? ಕಂಪನಿ ಕೈಗೆ ಸಿಗದು, ಸಮಿತಿ ಸಿಗದು. ಸಿಕ್ಕವಳು ಅಕ್ಕ. ನಿಮ್ಮ ಬಾವಿಯಲ್ಲಿ ನೀರಿದೆಯಂತಲ್ಲ, ನಮಗೂ ಕೊಡಿ, ಎಂದು ನರ್ಸರಿಯವನು ಖಾಲಿ ಬಕೆಟ್ಟು ತಂದು ಲಾಂಡ್ರಿಯ ಬಾಗಿಲಲ್ಲಿಟ್ಟು ಹೋದ. ಮಾರನೆಯ ದಿನ ಅಲ್ಲಿ ಇನ್ನಷ್ಟು ಬಕೆಟ್ಟುಗಳಿದ್ದವು. ಅಕ್ಕ ಅವನ್ನು ಬದಿಗೆ ಸರಿಸಿ ಒಳಗೆ ಹೋಗುತ್ತಿದ್ದಳು. ಆಸ್ಪತ್ರೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಡ್ರಮ್ಮುಗಳು ಗುಜರಿಗೆ ಹೋದವು. ಅಕ್ಕ ಈಗ ಪಕ್ಕದ ಪೇಟೆಯ ಒಂದು ದೊಡ್ಡ ಲಾಂಡ್ರಿಯಲ್ಲಿ ಕೂಲಿಗೆ ಬಟ್ಟೆ ಹಿಂಡುವ ಕೆಲಸಕ್ಕೆ ಹೋಗುತ್ತಿದ್ದಳು, ಬೆಳಗಿನ ಮೊದಲ ಬಸ್ಸಿಗೆ.

ನೀರಮ್ಮನಿಗೆ ಏನಾಯಿತು ಎನ್ನುತ್ತೀರಾ? ಅವಳಿಗೆ ಒಳ್ಳೆಯದೇ ಆಯಿತು. ಅದೇ ತಮಾಷೆ. ಗಣಿಯ ಕಳ್ಳಾಟ ಬಯಲು ಮಾಡಿದ ದಿಟ್ಟ ಹೆಣ್ಣು ಎಂದು ಪತ್ರಿಕೆಯಲ್ಲಿ ಫೋಟೋ ಬಂತು. ಮೇಲಿನ ಸರ್ಕಾರಿ ಕಚೇರಿಯವರು ಕರೆದು ದೊಡ್ಡ ಕೆಲಸ ಕೊಟ್ಟರು. ಹೊಸ ಗಣಿಗಳು ಬರುವ ಊರುಗಳಿಗೆ ಹೋಗಿ, ಅಲ್ಲಿನ ಜನರನ್ನು ಕೂರಿಸಿ, ನೀರಿನ ಒಪ್ಪಂದ ಬರೆಯುವ ಕೆಲಸ.

ಹೊರಡುವ ಮುನ್ನ ಹೇಳಿಬರಲೆಂದು ಅಕ್ಕನ ಮನೆಗೆ ಹೋದಳು. ಭಾವ ಬಾಗಿಲು ತೆರೆದು, ಬಾಮ್ಮಾ ಎಂದು, ಎಂದಿನ ಹಾಗೆ ಪೇಟೆಯ ಸುದ್ದಿ ಮಾತಾಡಿದರು. ಅಕ್ಕ ಕೆಲಸದಿಂದ ಆಗಷ್ಟೇ ಬಂದು, ಉಬ್ಬಿದ ಬೆರಳುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದಳು. ತಂಗಿ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಕೆಲಸದ ವಿಷಯ ಹೇಳಿದಳು. ಆಮೇಲೆ ತಡೆಯಲಾರದೆ, ನಿನ್ನ ಬಾವಿಗೆ ನೀರು ಬರಲಿ ಅಂತಲೇ ಆವತ್ತು ಹಾಗೆ ಮಾಡಿದೆ, ನಿನ್ನಾಣೆ, ಎಂದು ಅತ್ತಳು.

ಅಕ್ಕ ಅವಳ ತಲೆಗೂದಲನ್ನು ಕಿವಿಯ ಹಿಂದೆ ಸರಿಸಿದಳು. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ.

"ಗೊತ್ತು. ನೀನು ಒಳ್ಳೇದಕ್ಕೇ ಮಾಡ್ದೆ. ನೀನು ಮಾಡಿದ್ದೆಲ್ಲ ಒಳ್ಳೇದಕ್ಕೇನೇ," ಎಂದಳು. "ಹೋಗು, ಒಳ್ಳೇ ಕೆಲಸ. ಬಿಡ್ಬೇಡ. ಆದ್ರೆ ಒಂದು ಮಾತು ಕೇಳು. ಅಲ್ಲಿ ಯಾರಾದ್ರೂ ಎದ್ದು ನಿಂತು, ಇವಳು ಹೇಳಿದ್ರೆ ಸರಿ, ನಾನು ರುಜು ಹಾಕ್ತೀನಿ ಅಂದ್ರೆ, ಅವಳ ಕೈಯಿಂದ ಪೆನ್ನು ಕಿತ್ಕೋ."

ಭಾವ ಟಿವಿಯ ಸದ್ದು ಜಾಸ್ತಿ ಮಾಡಿದರು. ಅಕ್ಕ ಎದ್ದು, ಬೆಳಗಿನ ಬಸ್ಸಿಗೆ ಬೇಗ ಏಳಬೇಕು ಎಂದು ಹೇಳಿ ಒಳಗೆ ಹೋಗಿ ಮಲಗಿದಳು.